ಏಳನೇ ಟ್ಯೂಬು

ವೈರಸ್ ಪತ್ತೆ ಮಾಡುವ ಮಷಿನ್ನಿನ ತೆರೆಯ ಮೇಲೆ ಏಳನೇ ಟ್ಯೂಬಿನ ಗೆರೆಯೂ ಸರ್ರನೆ ಏರಿತು. ಲ್ಯಾಬಿನ ಹುಡುಗ ಹೀರೊ ಕುರ್ಚಿ ಹತ್ತಿಯೇಬಿಟ್ಟ.

"ನೋಡಿದ್ರಾ ಅಕ್ಕಾ? ಏಳಕ್ಕೆ ಏಳೂ ಬಿತ್ತು. ನಾನು ಕಣ್ಣು ಬಿಟ್ರೆ ಸಾಕು, ವೈರಸ್ಸೇ ಬಂದು ಶರಣಾಗತ್ತೆ."

"ಮೊದ್ಲು ಇಳಿ. ಆ ಕುರ್ಚಿಗಿರೋದು ಮೂರೇ ಕಾಲು," ಎಂದಳು ಮಷಿನ್ ನೋಡಿಕೊಳ್ಳುವ ಅಕ್ಕ.

ಪ್ರಾಸ್ಟೇಟ್ ಕ್ಯಾನ್ಸರ್ ಗಡ್ಡೆಯೊಳಗೆ ಹರ್ಪಿಸ್ ವೈರಸ್ ಅಡಗಿದೆಯೇ? ಲ್ಯಾಬು ಎರಡು ವರ್ಷದಿಂದ ಹುಡುಕುತ್ತಿತ್ತು. ವೈರಸ್ ಇದ್ದರೆ ಏಳಬೇಕಾದ ಗೆರೆ ಒಂದೂ ಎದ್ದಿರಲಿಲ್ಲ. ಇವತ್ತೂ ಏನೂ ಸಿಗದಿದ್ದರೆ ಸಂಶೋಧನೆಗೆ ಬೀಗ, ಹೀರೊನ ಕೆಲಸಕ್ಕೂ ಬೀಗ. ಪಕ್ಕದ ಕೋಣೆಯ ಸೊಳ್ಳೆ ಸಂಶೋಧಕರು ಆಗಲೇ ಬಂದು ಇವರ ಫ್ರಿಜ್ಜಿನ ಅಳತೆ ತೆಗೆದುಕೊಂಡು ಹೋಗಿದ್ದರು.

ಅದಕ್ಕೇ ಬೆಳಿಗ್ಗೆ ಹೀರೊ ಮಾಸ್ಕ್ ಕೆಳಗಿಳಿಸಿ, ಮುಚ್ಚಳ ಹಾಕುವ ಮುಂಚೆ ಒಂದೊಂದು ಟ್ಯೂಬಿನ ಬಾಯಿಗೂ ಲೊಚಕ್ಕನೆ ಮುತ್ತು ಕೊಟ್ಟು ಡೈಲಾಗ್ ಹೊಡೆದಿದ್ದ. "ಲೋ ವೈರಸ್ಸು, ನಿನ್ನ ಅಡ್ಡಾಕ್ಕೇ ಬಂದಿದೀನಿ. ಕದ ತೆಗಿ."

ತೆಗೆದಿತ್ತು. ಹೀರೊ ಅಮ್ಮನಿಗೆ ಫೋನ್ ಮಾಡಿದ.

"ಅಮ್ಮಾ, ನಿನ್ನ ಮಗ ಇತಿಹಾಸ ಬರೆದ."

"ಬರಿಯಪ್ಪ. ತುಟಿ ಉರಿ ಹೋಯ್ತಾ?"

"ಬಿಸಿ ಟೀ ತಗುಲಿದ್ದು ಬಿಡಮ್ಮಾ. ಇಲ್ಲಿ ಇತಿಹಾಸ ಅಂದ್ರೆ ನೀನು ತುಟಿ ಅಂತೀಯ."

ನೆಲ ಒರೆಸುವ ಕೋಲನ್ನು ತಬ್ಬಿಕೊಂಡು ಅವನು ಎರಡು ಸುತ್ತು ಕುಣಿದ. ಮೂರನೇ ಸುತ್ತಿಗೆ ಬಾಗಿಲಲ್ಲಿ ಮೇಡಂ.

ಲ್ಯಾಬಿನ ಯಜಮಾನಿಯಾದ ಅವರು ತೆರೆ ನೋಡಿದರು. ಅಕ್ಕ ಅವರ ಕಿವಿಯಲ್ಲಿ ಏನೋ ಹೇಳಿದಳು. ಮೇಡಂ ಹೀರೊನ ಮುಖವನ್ನೇ ನೋಡುತ್ತ ನಿಂತರು. ಅವನು ಕಾಲರ್ ಸರಿ ಮಾಡಿಕೊಂಡ.

"ವೈರಸ್ ಸಿಕ್ಕಿದೆ ಕಣಪ್ಪ. ಅದ್ರಲ್ಲಿ ಅನುಮಾನಾನೇ ಇಲ್ಲ."

"ಪ್ರಶಸ್ತಿ ಬಂದ್ರೆ ಭಾಷಣ ನಿಮ್ದು ಮೇಡಂ, ಡ್ಯಾನ್ಸ್ ನಂದು."

ಟ್ಯೂಬು ತುಂಬಿ ನಂಬರ್ ಅಂಟಿಸಿದ್ದ ಅಕ್ಕ ಬಾಯಿ ಮುಚ್ಚಿಕೊಂಡು ಗೋಡೆಗೆ ತಿರುಗಿದಳು. ಅವಳ ಭುಜ ಕುಲುಕುತ್ತಿತ್ತು. ಆನಂದಬಾಷ್ಪ, ಅಂದುಕೊಂಡ ಹೀರೊ.

ಮೇಡಂ ಸೊಳ್ಳೆಯವರಿಗೆ ಫೋನ್ ಮಾಡಿದರು. "ಫ್ರಿಜ್ ಈಗ್ಲೇ ಸಿಗಲ್ಲ. ಎರಡು ವಾರ ತಡ್ಕೊಳಿ. ನಮ್ಮ ಹುಡುಗ ಇನ್ನೊಂದ್ಸಲ ಮಾಡ್ಬೇಕು."

ಗೆದ್ದೆ, ಎಂದು ಹೀರೊ ಗಾಳಿಗೆ ಗುದ್ದಿದ. ಮೇಡಂ ಚೀಲದಿಂದ ಏನೋ ತೆಗೆದು ಅವನ ಅಂಗೈಯಲ್ಲಿಟ್ಟರು.

"ಬಹುಮಾನಾನಾ ಮೇಡಂ?"

"ಮುಲಾಮು. ಏಳನೇ ಟ್ಯೂಬಲ್ಲಿ ತಾಳೆ ನೋಡೋಕೆ ಅಂತ ಅಕ್ಕ ಹಾಕಿದ್ದು ಬರೀ ನೀರು ಕಣಪ್ಪ; ಹರ್ಪಿಸ್ ಇರೋದು ನೀನು ಮುತ್ತು ಕೊಟ್ಟ ಆ ತುಟಿ ಮೇಲಿನ ಗುಳ್ಳೇಲಿ."