ಜೋಡಿಯಿಲ್ಲದ ಎಲೆ

ಆ ಮಕ್ಕಳ ಇಸ್ಪೀಟಾಟದ ಎಲೆಗಳಲ್ಲೆಲ್ಲ ಗಂಡಹೆಂಡಿರ ಚಿತ್ರ: ಕುಂಬಾರನಿಗೊಬ್ಬಳು, ಕಮ್ಮಾರನಿಗೊಬ್ಬಳು. ಒಬ್ಬರ ಕೈಯಿಂದೊಬ್ಬರು ಎಳೆದು ಜೋಡಿ ಕೂಡಿಸಬೇಕು. ಒಬ್ಬ ಮುದುಕಿಗೆ ಮಾತ್ರ ಜೋಡಿಯಿಲ್ಲ. ಕೊನೆಗೆ ಅವಳು ಯಾರ ಕೈಯಲ್ಲಿ ಉಳಿಯುತ್ತಾಳೋ ಅವರನ್ನು ‘ಮುಂಡೆ, ಮುಂಡೆ’ ಎಂದು ಅಣಕಿಸುವುದು ಆಟದ ರೂಢಿ.

ಮೊನ್ನೆಯಷ್ಟೇ ತಾಳಿ ಕಟ್ಟಿಸಿಕೊಂಡಿದ್ದ ಒಂಬತ್ತರ ಪದ್ದುವಿನ ಕೈಯಿಂದ ಬೋಳುತಲೆಯ ಸೋದರತ್ತೆ ಪ್ರತಿಸಲವೂ ಆ ಎಲೆಯನ್ನೇ ಎಳೆದು ಸೋಲುತ್ತಿದ್ದಳು. ಇವತ್ತು ಪದ್ದುವಿಗೆ ಅಣಕಿಸಲು ಬಾಯಿ ಬರಲಿಲ್ಲ.

“ಅತ್ತೆ, ಇದರ ಮೂಲೆ ಮಡಚಿದೆ. ನೋಡ್ಕೊಂಡು ಬೇರೆ ಎಳೀಬಾರ್ದಾ?”

“ನೋಡ್ಕೊಂಡೇ ಎಳೀತೀನಿ.”

“ಮತ್ತೆ ಇದನ್ನೇ ಯಾಕೆ?”

ಅತ್ತೆ ಎಲೆಗಳನ್ನು ಕಲೆಸುತ್ತ ಹೇಳಿದಳು:

“ಮಡಚಿದ್ದೇ ನಾನು ಕಣೆ. ಆಟಕ್ಕೂ ಅದು ನಿನ್ನ ಕೈಲಿ ಉಳೀಬಾರ್ದು.”