ಇಸ್ತ್ರಿಯಕ್ಕನ ದೇರ್‌ಫೋರ್

ಹೋಟೆಲಿನಿಂದ ಬಂದ ಬಿಳಿ ಹಾಸುಬಟ್ಟೆಗಳೆಲ್ಲ ಒಗೆಯುವ ಯಂತ್ರದಿಂದ ಗುಲಾಬಿಯಾಗಿ ಹೊರಬಂದವು. ಎಂಥ ಗುಲಾಬಿ ಅಂತೀರಿ! ಯಾವ ಮದುವಣಗಿತ್ತಿಯ ಕೆನ್ನೆಯೂ ಆ ಮಟ್ಟಕ್ಕೆ ನಾಚಿರಲಿಕ್ಕಿಲ್ಲ. ಯಾವುದೋ ಗಂಟಿನೊಳಗೆ ಕಳ್ಳನ ಹಾಗೆ ಅಡಗಿ ಕೂತಿದ್ದ ಒಂದೇ ಒಂದು ಕೆಂಪು ಕರವಸ್ತ್ರ ಇಡೀ ಲಾಂಡ್ರಿಯ ಮಾನ ಕಳೆದಿತ್ತು. ಹೋಟೆಲಿನವರು ಫೋನಿನಲ್ಲಿ ಕೂಗಿದ ಕೂಗಿಗೆ ಮ್ಯಾನೇಜರರ ಕನ್ನಡಕ ಬಿರುಕು ಬಿಡದೆ ಉಳಿದದ್ದೇ ಪವಾಡ. ಹೇಗಾಯಿತು, ಯಾರಿಂದಾಯಿತು ಅಂತ ಮಧ್ಯಾಹ್ನದೊಳಗೆ ಇಂಗ್ಲಿಷಿನಲ್ಲಿ ಬರೆದು ಕಳಿಸಬೇಕಂತೆ.

ಮ್ಯಾನೇಜರ್ ಇಸ್ತ್ರಿಯಕ್ಕನನ್ನು ಕೋಣೆಗೆ ಕರೆಸಿ, ಕಾಗದ ಮುಂದಿಟ್ಟು, ತಮ್ಮದೇ ಪೆನ್ನಿನ ಮುಚ್ಚಳ ತೆಗೆದು ಕೈಗೆ ಕೊಟ್ಟರು. "ಸೂಪರ್‌ವೈಸರ್ ಕುರ್ಚಿ ಬೇಕು ಅಂತಿದ್ರಲ್ಲ ಅಕ್ಕ? ಈ ರಿಪೋರ್ಟ್ ಬರೀರಿ, ಕುರ್ಚಿ ನಿಮ್ದೇ. ಆದ್ರೆ ಹೋದ ಸಲದ ಥರ ಬೇಡ."

ಹೋದ ಸಲ ಆಕೆ ಬರೆದದ್ದು ಇಷ್ಟು: 'ಮಷೀನ್ ಸ್ಟಾಪ್. ವಾಟರ್ ನೋ. ಶೀಟ್ ವೆಟ್.' ಮ್ಯಾನೇಜರ್ ಅದನ್ನು ಎಲ್ಲರ ಎದುರು ಓದಿ, "ಇದು ರಿಪೋರ್ಟೋ, ಸಾವಿನ ತಂತಿಯೋ?" ಅಂದಿದ್ದರು. ನಕ್ಕವರಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವಳು ಗಂಟುಮೂತಿ. ಬಟ್ಟೆಯ ಗಂಟು ಬಿಚ್ಚುವುದು ಅವಳ ಕೆಲಸ, ಮುಖಕ್ಕೆ ಹಾಕಿಕೊಂಡ ಗಂಟು ಮಾತ್ರ ಆ ದಿನ ಬಿಟ್ಟರೆ ಹುಟ್ಟಿದಾಗಿನಿಂದ ಬಿಚ್ಚಿರಲಿಲ್ಲ. ಇಸ್ತ್ರಿಯಕ್ಕನಿಗೂ ಅವಳಿಗೂ ಎಂಥ ಹಗೆ ಅಂದರೆ, ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಅಂತ ಒಬ್ಬಳು ಅಂದರೆ ಇನ್ನೊಬ್ಬಳು ಪಶ್ಚಿಮದ ಕಿಟಕಿ ತೆಗೆದು ಕಾಯುತ್ತಿದ್ದಳು.

ಆ ನಗು ಕೇಳಿದ ಸಂಜೆಯೇ ಇಸ್ತ್ರಿಯಕ್ಕ ಇಂಗ್ಲಿಷ್ ಮೇಷ್ಟರಾದ ಅಳಿಯನ ಮನೆಗೆ ನುಗ್ಗಿ, ಅವನ ಎದುರು ಕಾಲು ಚಾಚಿ ಕೂತುಬಿಟ್ಟಳು. ಕಲಿಸುವ ತನಕ ಏಳುವುದಿಲ್ಲ ಅಂದಳು. ಅತ್ತೆ ಅಂದರೆ ಬೆವರುವ ಅಳಿಯ ಬೆವರುತ್ತಲೇ ಕಲಿಸಿದ. "ನೋಡಿ ಅತ್ತೆ, ಒಂದು ವಾಕ್ಯ, ಆಮೇಲೆ ಸೆಮಿಕೋಲನ್, ಆಮೇಲೆ ದೇರ್‌ಫೋರ್, ಒಂದು ಕಾಮಾ, ಇನ್ನೊಂದು ವಾಕ್ಯ."

"ಈ ದೇರ್‌ಫೋರನ್ನ ಎಲ್ಲಿ ಬೇಕಾದ್ರೂ ತುರುಕ್ಬೋದಾ?"

"ಅಯ್ಯೋ, ಇಲ್ಲ ಅತ್ತೆ! ಮೊದಲನೇದರಿಂದಲೇ ಎರಡನೇದು ಆಗಿದ್ರೆ ಮಾತ್ರ. ಅದು ಹಾಗಿದ್ರೂ ಇದು ಹೀಗೆ ಅನ್ನೋದಕ್ಕೆ ಹೌಎವರ್."

"ತಿಳೀತು ಬಿಡಪ್ಪ. ಅಳಿಯ ಸೋಮಾರಿ, ಹೌಎವರ್, ಮಗಳಿಗೆ ಅವನೇ ಬೇಕು." ಅಳಿಯ ತುಟಿ ಕಚ್ಚಿಕೊಂಡು ಸರಿ ಗುರುತು ಹಾಕಿದ. ಬೇರೆ ದಾರಿ ಇರಲಿಲ್ಲ. ಅಂದಿನಿಂದ ಆಕೆ ಹೌಎವರ್, ದೇರ್‌ಫೋರ್ ಜಪಿಸುತ್ತ ಒತ್ತಿದ ಅಂಗಿಗಳ ಮಡಿಕೆ ಎಷ್ಟು ಹರಿತವಾಗಿತ್ತೆಂದರೆ ಅದರಲ್ಲಿ ಕ್ಷೌರ ಮಾಡಿಕೊಳ್ಳಬಹುದಿತ್ತು.

ಈಗ ಮ್ಯಾನೇಜರ್ ಬಾಗಿಲ ಹೊರಗೆ ನಿಂತಿದ್ದ ಗಂಟುಮೂತಿಯತ್ತ ನೋಡಿ ದನಿ ತಗ್ಗಿಸಿದರು. "ನಾನೇ ಹೇಳ್ತೀನಿ, ಬರ್ಕೊಳಿ. ಗಂಟು ಬಿಚ್ಚೋಳು ಲೇಟಾಗಿ ಬಂದ್ಲು; ದೇರ್‌ಫೋರ್, ಶೀಟುಗಳು ಗುಲಾಬಿ ಆದ್ವು. ಅಷ್ಟೇ. ಅವಳನ್ನ ಇವತ್ತೇ ಮನೆಗೆ ಕಳಿಸಿದ್ರೆ ಹೋಟೆಲಿನವರು ತಣ್ಣಗಾಗ್ತಾರೆ."

ಇಸ್ತ್ರಿಯಕ್ಕನ ಎದೆಯಲ್ಲಿ ವಾದ್ಯದ ಮೇಳವೇ ಶುರುವಾಯಿತು. ಕುರ್ಚಿಗೆ ಕುರ್ಚಿ, ಹಗೆಗೆ ಹಗೆ! ಮೊದಲ ವಾಕ್ಯ ಕುಣಿದುಕೊಂಡು ಬಂತು: 'ಸಾರ್ಟರ್ ಕೇಮ್ ಲೇಟ್'. ಸೆಮಿಕೋಲನ್ನಿನ ಚುಕ್ಕಿ ಇಟ್ಟಳು, ಬಾಲ ಎಳೆದಳು. ಅಲ್ಲಿಗೆ ಪೆನ್ನು ನಿಂತಿತು. ಎತ್ತು ನೊಗ ಕೆಡವಿ ನಿಂತ ಹಾಗೆ ನಿಂತಿತು.

ಗಂಟುಮೂತಿ ತಡವಾಗಿ ಬಂದದ್ದು ನಿಜ. ಆದರೆ ಬಂದವಳೇ ಮೊದಲ ಗಂಟು ಬಿಚ್ಚಿ, ಬಣ್ಣದ್ದೇನಾದರೂ ಒಳಗೆ ಸೇರಿದೆಯಾ ಅಂತ ನೋಡಲು, ಪದ್ಧತಿಯಂತೆ ಒಂದೊಂದೇ ಬಟ್ಟೆಯನ್ನು ಮೇಜಿನ ಮೇಲೆ ಒದರಲು ಕೈಹಾಕಿದ್ದಳು. "ಲಾರಿ ಕಾಯ್ತಿದೆ, ಒದರೋದೆಲ್ಲ ಬೇಡ, ಗಂಟುಗಂಟೇ ಮಷೀನಿಗೆ ಸುರೀರಿ" ಅಂದವರು ಈ ಮ್ಯಾನೇಜರೇ. ಇಸ್ತ್ರಿಯಕ್ಕ ಅಲ್ಲೇ ಪಕ್ಕದಲ್ಲಿ ನಿಂತು ಕೇಳಿಸಿಕೊಂಡಿದ್ದಳು.

"ಸಾರ್, ಇಲ್ಲಿ ದೇರ್‌ಫೋರ್ ಕೂರೋದಿಲ್ಲ."

"ಒಂದು ಪದಕ್ಕೆ ಏನ್ರೀ ನಿಮ್ಮ ರಗಳೆ?"

"ಆ ಒಂದು ಪದದಲ್ಲೇ ಅವಳ ಅನ್ನ ಹೋಗ್ತದಲ್ಲ ಸಾರ್." ಅಂದವಳೇ ಬರೆದಳು: 'ಹೌಎವರ್, ಶಿ ಸ್ಟಾರ್ಟೆಡ್ ಟು ಶೇಕ್ ದಿ ಶೀಟ್ಸ್.' ಆದರೂ ಅವಳು ಬಟ್ಟೆ ಒದರಲು ಹೊರಟಿದ್ದಳು. ಅದರ ಕೆಳಗೆ ಇನ್ನೊಂದು: 'ಮ್ಯಾನೇಜರ್ ಸೆಡ್, ಡೋಂಟ್ ಶೇಕ್'. ಅಂದರೆ, ಬಟ್ಟೆ ಒದರಬೇಡಿ ಅಂದಿದ್ದರು ಮ್ಯಾನೇಜರ್. ಮತ್ತೆ ಸೆಮಿಕೋಲನ್ ಇಟ್ಟಳು.

ಬಾಗಿಲಿನಿಂದ ಗಂಟುಮೂತಿ ಹಲ್ಲು ಕಚ್ಚಿ ಪಿಸುಗುಟ್ಟಿದಳು: "ಏಯ್, ಹುಚ್ಚು ಗಿಚ್ಚು ಹಿಡೀತೇನೇ ನಿಂಗೆ? ಕುರ್ಚಿ ಹೋಗ್ತದೆ!"

"ನೀನು ಬಾಯಿ ಮುಚ್ಕೊಂಡಿರು. ನಿನ್ನ ಮುಖ ನೋಡಿ ಬರೀತಿಲ್ಲ ನಾನು."

ಮ್ಯಾನೇಜರ್ ಮೇಜಿನ ಮೇಲೆ ಬಾಗಿ ಆಕೆಯ ಬೆರಳುಗಳ ನಡುವಿನಿಂದ ಪೆನ್ನನ್ನು ಕಿತ್ತುಕೊಂಡರು, ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು. "ಮುಗೀತು. ಹೋಗಿ ಇಸ್ತ್ರಿ ಮಾಡ್ಕೊಳಿ."

ಇಸ್ತ್ರಿಯಕ್ಕ ಏಳಲಿಲ್ಲ. ಏಪ್ರನ್ನಿನ ಜೇಬಿಗೆ ಕೈಹಾಕಿ, ಗಿರಾಕಿಗಳ ಬಟ್ಟೆಗೆ ಗುರುತು ಬರೆಯುವ ದಪ್ಪ ಪೆನ್ನನ್ನು ತೆಗೆದಳು. ಯಾವ ಸೋಪಿಗೂ, ಯಾವ ಬಿಸಿನೀರಿಗೂ ಬಿಡದ ಶಾಯಿ ಅದರದು. ಕಾಗದವನ್ನು ಅಂಗೈಯಿಂದ ಒತ್ತಿ ಹಿಡಿದು, ಸೆಮಿಕೋಲನ್ನಿನ ಮುಂದೆ, ಒಂದೊಂದೇ ಅಕ್ಷರವನ್ನು ಎರಡೆರಡು ಸಲ ತಿದ್ದುತ್ತ, ದೇರ್‌ಫೋರ್ ಅಂತ ಬರೆಯತೊಡಗಿದಳು.