ಮಂಕಾಗದ ಬಲ್ಬು

ಬಲ್ಬು ಮಂಕಾಗಲಿಲ್ಲ. ಮನೆಯಲ್ಲಿ ಕಟ್ಟಿದ ಆಂಪ್ಲಿಫೈಯರ್‌ಗೆ ಮೊದಲ ಸಲ ಕರೆಂಟು ಕೊಡುವಾಗ ನಡುವೆ ಒಂದು ಬಲ್ಬು ಸಿಕ್ಕಿಸುವುದು ಡೇಟನ್ ಊರಿನ ಆ ಹವ್ಯಾಸಿಗಳ ಕೂಟದ ರೂಢಿ. ಒಳಗಿನ ಸರ್ಕ್ಯೂಟ್ ಬೋರ್ಡು ಸರಿಯಿದ್ದರೆ ಬಲ್ಬು ಒಮ್ಮೆ ಮಿಂಚಿ ಮಂಕಾಗಬೇಕು. ವೆಂಡೆಲ್‌ನ ಬೋರ್ಡಿಗೆ ಅದು ಧಗಧಗ ಉರಿಯುತ್ತಲೇ ಇತ್ತು. ಎದುರು ಕೂತಿದ್ದ ಮಾರ್ಲಿಸ್ ಆ ಬೆಳಕನ್ನು ಮಂಗಳಾರತಿಯಂತೆ ಕಣ್ತುಂಬಿಕೊಂಡಳು.

ಹೋದ ವರ್ಷ ಇದೇ ಮೇಜಿನ ಮೇಲೆ ಅವನು ಅವಳ ನಕ್ಷೆ ಕದ್ದು ಕಟ್ಟಿದ ಬೋರ್ಡನ್ನು ಪೂರ್ತಿ ತನ್ನದೆಂದು ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದ. ಅವಳು ಜಗಳಕ್ಕೆ ಹೋಗಲಿಲ್ಲ. ಹೊಸದೊಂದು ನಕ್ಷೆ ಬರೆದು, ಒಂದು ಟ್ರಾನ್ಸಿಸ್ಟರನ್ನು ಬೇಕೆಂದೇ ತಿರುಗಿಸಿಟ್ಟು, ಅವನ ಕಣ್ಣಿಗೆ ಬೀಳುವಲ್ಲಿ ಮರೆತವಳಂತೆ ಬಿಟ್ಟುಹೋಗಿದ್ದಳು.

“ಏನಪ್ಪಾ ವೆಂಡೆಲ್, ಆಂಪ್ಲಿಫೈಯರ್ ಕಟ್ಟಿದ್ಯೋ, ಮೇಜಿನ ದೀಪ ಕಟ್ಟಿದ್ಯೋ?” ಎಂದ ಕೂಟದ ಹಿರಿಯ ಗಸ್. ಎಲ್ಲರೂ ನಕ್ಕರು. ಗಸ್ ಸ್ವಿಚ್ಚು ಆರಿಸಿ, ಮೀಟರಿನಿಂದ ಅಲ್ಲಲ್ಲಿ ಮುಟ್ಟಿ ನೋಡಿ, ಒಂದು ಕಡೆ ಬೆರಳಿಟ್ಟ. “ಇಲ್ನೋಡು, ಈ ಟ್ರಾನ್ಸಿಸ್ಟರ್ ಉಲ್ಟಾ ಕೂತಿದೆ. ನಿದ್ದೆಗಣ್ಣಲ್ಲಿ ಕೂರಿಸಿದ್ಯಾ?”

ವೆಂಡೆಲ್‌ನ ಕಿವಿ ಕೆಂಪಾಯಿತು. “ನಾನ್ಯಾಕೆ ಉಲ್ಟಾ ಕೂರಿಸ್ಲಿ? ನಕ್ಷೆಯಲ್ಲಿ ಹೇಗಿದ್ಯೋ ಹಾಗೇ ಹಾಕಿದೀನಿ!”

“ನಕ್ಷೆ ನಿಂದೇ ತಾನೇ, ಮಾರಾಯಾ?”

ಮತ್ತೆ ನಗು. ಅವನು ಸರ್ರನೆ ಮಾರ್ಲಿಸ್ ಕಡೆ ತಿರುಗಿದ. “ಏನಮ್ಮಾ, ನೆಟ್ಟಗೆ ಒಂದು ನಕ್ಷೆ ಬರೆಯೋಕೂ ಬರಲ್ವಾ ನಿಂಗೆ?”

ನಗು ಅಲ್ಲಿಗೇ ನಿಂತಿತು. ಗಸ್ ಮೀಟರನ್ನು ಕೆಳಗಿಟ್ಟ. ಒಬ್ಬೊಬ್ಬರೇ ತನ್ನತ್ತ ತಿರುಗುವವರೆಗೂ ಮಾರ್ಲಿಸ್ ಕಾದಳು. ಆಮೇಲೆ ಬಲು ಮೆತ್ತಗೆ ಕೇಳಿದಳು:

“ಹೋದ ವರ್ಷ ಬರೆದದ್ದು ನೆಟ್ಟಗಿತ್ತಲ್ಲ, ವೆಂಡೆಲ್?”